ದಾಖಲೆಯ ಸೆಲ್, ದುಡಿಯುವ ಸೆಲ್

ಹೈದರಾಬಾದಿನ ವಿಮಾನ ನಿಲ್ದಾಣದ ಕಡೆಯಿಂದ ಹೊರವರ್ತುಲ ರಸ್ತೆ ಹಿಡಿದರೆ ಸ್ವಲ್ಪ ಹೊತ್ತಿಗೇ ರಾವಿರ್ಯಾಲ ಸಿಗುತ್ತದೆ. ಅಲ್ಲಿನ ಕೈಗಾರಿಕಾ ಪ್ರದೇಶಕ್ಕೆ ಈಗ ಇ-ಸಿಟಿ ಎಂಬ ಹೆಸರಿದೆ. ಮೊದಲಿನ ಹೆಸರು ಫ್ಯಾಬ್ ಸಿಟಿ. 2006ರಲ್ಲಿ ಅವಿಭಜಿತ ಆಂಧ್ರಪ್ರದೇಶದ ಸರ್ಕಾರ ಇಲ್ಲಿ ಸಾವಿರಕ್ಕೂ ಹೆಚ್ಚು ಎಕರೆ ಜಮೀನು ತೆಗೆದಿಟ್ಟದ್ದು ಕಂಪ್ಯೂಟರ್ ಚಿಪ್ ಕಾರ್ಖಾನೆಗಾಗಿ. ಸೆಮ್‌ಇಂಡಿಯಾ ಎಂಬ ಕಂಪನಿ ಅಮೆರಿಕದ ಎಎಮ್‌ಡಿಯ ತಂತ್ರಜ್ಞಾನ ತರುತ್ತದೆ, 300 ಕೋಟಿ ಡಾಲರ್ ಹೂಡುತ್ತದೆ ಎಂದು ಆಗ ದೊಡ್ಡ ಸುದ್ದಿಯಾಗಿತ್ತು. ಚಿಪ್ ಕಾರ್ಖಾನೆ ಬರಲೇ ಇಲ್ಲ. ಆ ಜಾಗಕ್ಕೆ ಸೋಲಾರ್ ಬಂತು. 2007ರಲ್ಲಿ ಕೇಂದ್ರ ಸರ್ಕಾರ ಚಿಪ್ ಉದ್ಯಮಕ್ಕೆಂದು ಪ್ರಕಟಿಸಿದ ವಿಶೇಷ ಪ್ರೋತ್ಸಾಹಧನ ಯೋಜನೆಯಲ್ಲಿ ಸೌರಕೋಶ ತಯಾರಿಕೆಗೂ ಜಾಗವಿತ್ತು. ಗಾಳಿ ಬಂದಾಗ ತೂರಿಕೊಂಡವರಲ್ಲಿ ಸೋಲಾರ್ ಸೆಮಿಕಂಡಕ್ಟರ್, ಸುರಾನಾ ಮುಂತಾದ ಸ್ಥಳೀಯ ಕಂಪನಿಗಳಿದ್ದವು.

ಗಾಳಿ ಬಹಳ ದಿನ ಬೀಸಲಿಲ್ಲ. 2008ರಲ್ಲಿ ಕಿಲೋಗೆ 400 ಡಾಲರ್ ದಾಟಿದ್ದ, ಸೆಲ್‌ನ ಕಚ್ಚಾವಸ್ತುವಾದ ಪಾಲಿಸಿಲಿಕಾನ್ 2012ರ ಹೊತ್ತಿಗೆ 20 ಡಾಲರಿನ ಆಸುಪಾಸಿಗೆ ಕುಸಿಯಿತು. ಚೀನಾದ ಕಾರ್ಖಾನೆಗಳು ದೈತ್ಯವಾಗಿ ಬೆಳೆದವು. ದುಬಾರಿ ಕಾಲದಲ್ಲಿ ಸಾಲ ಮಾಡಿ ಯಂತ್ರ ತಂದವರ ಸೆಲ್‌ಗಳನ್ನು ಕೇಳುವವರಿಲ್ಲದಂತಾಯಿತು. 2010ರ ಜನವರಿಯಲ್ಲಿ ಶುರುವಾದ ಜವಾಹರಲಾಲ್ ನೆಹರೂ ರಾಷ್ಟ್ರೀಯ ಸೌರ ಮಿಷನ್ ದೇಶೀ ಸಿಲಿಕಾನ್ ಸೆಲ್ ಬಳಸಬೇಕೆಂದು ಹೇಳಿತಾದರೂ ತೆಳುಪದರದ ಫಲಕಗಳಿಗೆ ವಿನಾಯಿತಿ ಕೊಟ್ಟಿತು. ಆ ಕಿಂಡಿಯಿಂದ ಅಮೆರಿಕದ ಫಲಕಗಳು ಅಗ್ಗದ ಸಾಲದ ಸಮೇತ ಒಳಗೆ ಬಂದವು. ದೇಶದ ಹಲವು ಸೆಲ್ ಕಾರ್ಖಾನೆಗಳು ಆ ವರ್ಷಗಳಲ್ಲಿ ಬಾಗಿಲು ಹಾಕಿದವು, ಇಲ್ಲವೇ ಹೊರಗಿನಿಂದ ಸೆಲ್ ತರಿಸಿ ಫಲಕ ಜೋಡಿಸುವ ಕೆಲಸಕ್ಕೆ ಇಳಿದವು.

ಆ ಬಿರುಗಾಳಿಯಲ್ಲಿ ಉಳಿದುಕೊಂಡ ಹೈದರಾಬಾದಿನ ಒಂದು ಕಂಪನಿಯ ಇತಿಹಾಸವನ್ನು ತುಸು ನಿಧಾನವಾಗಿ ನೋಡಬೇಕು. ಸುರೇಂದರ್ ಪಾಲ್ ಸಿಂಗ್ ಸಲೂಜಾ 1995ರಲ್ಲಿ ಆರಂಭಿಸಿದ ಪ್ರೀಮಿಯರ್ ಎನರ್ಜೀಸ್ ಅದು. ಈಗ ಅವರ ಮಗ ಚಿರಂಜೀವ್ ಸಿಂಗ್ ಸಲೂಜಾ ನಡೆಸುತ್ತಿದ್ದಾರೆ. 2011ರಲ್ಲಿ ಕಂಪನಿ ಬಹುಸ್ಫಟಿಕ ಸಿಲಿಕಾನ್‌ನ ಸೆಲ್ ತಯಾರಿಕೆಗೆ ಕೈಹಾಕಿತು. 2021ರ ಜುಲೈನಲ್ಲಿ ಇ-ಸಿಟಿಯಲ್ಲಿ ಹೊಸ ಕಾರ್ಖಾನೆ ಉದ್ಘಾಟನೆಯಾದಾಗ ಅಲ್ಲಿದ್ದದ್ದು ಏಕಸ್ಫಟಿಕದ ‘ಪರ್ಕ್’ ಸೆಲ್‌ಗಳ ಸಾಲು. 2025ರಲ್ಲಿ ಅದೇ ಊರಿನಲ್ಲಿ ‘ಟಾಪ್‌ಕಾನ್’ ಎಂಬ ಮುಂದಿನ ತಲೆಮಾರಿನ ಸೆಲ್‌ಗಳ 1.2 ಗಿಗಾವ್ಯಾಟ್ ಸಾಲು ಶುರುವಾಯಿತು. ನಡುವೆ, 2024ರ ಸೆಪ್ಟೆಂಬರ್ 3ರಂದು, ಕಂಪನಿ ಷೇರುಪೇಟೆಗೆ ಬಂತು. 450 ರೂಪಾಯಿಗೆ ಹಂಚಿದ ಷೇರು ಮೊದಲ ದಿನವೇ 990ರ ಆಸುಪಾಸಿನಲ್ಲಿ ತೆರೆದುಕೊಂಡಿತು.

ಷೇರಿನ ಬೆಲೆಯನ್ನು ಎಲ್ಲರೂ ನೋಡಿದರು. ಆದರೆ ಈ ಕಥೆಯಲ್ಲಿ ಗಮನಿಸಬೇಕಾದದ್ದು ಇಸವಿಗಳ ನಡುವಿನ ಅಂತರ. ಬಹುಸ್ಫಟಿಕದಿಂದ ಪರ್ಕ್‌ಗೆ ಬರಲು ಹತ್ತು ವರ್ಷ ಹಿಡಿಯಿತು, ಪರ್ಕ್‌ನಿಂದ ಟಾಪ್‌ಕಾನ್‌ಗೆ ನಾಲ್ಕೇ ವರ್ಷ. ಸೋಲಾರ್ ಸೆಲ್ ಕಾರ್ಖಾನೆಯ ಯಂತ್ರಗಳಿಗೆ ಬ್ಯಾಂಕು ಕೊಡುವ ಸಾಲ ತೀರುವ ಮೊದಲೇ ಆ ಯಂತ್ರ ಮಾಡುವ ಸೆಲ್ ಹಳತಾಗುವ ಕಾಲಕ್ಕೆ ನಾವು ಬಂದಿದ್ದೇವೆ. ದಕ್ಷತೆಯಲ್ಲಿ ಶೇ 30 ದಾಟುವ ಹೊಸ ಸೆಲ್‌ಗಳ ವಾಣಿಜ್ಯ ಭವಿಷ್ಯವನ್ನು ಅಳೆಯುವಾಗ ಮೊದಲು ಲೆಕ್ಕಕ್ಕೆ ಬರಬೇಕಾದದ್ದು ಈ ಕಾಲದ ಗಣಿತ. ದಾಖಲೆಯ ದಕ್ಷತೆ ಅದರ ನಂತರದ್ದು.

ದಕ್ಷತೆ ಎಂದರೆ ಏನೆಂದು ಒಮ್ಮೆ ಬಿಡಿಸಿ ಹೇಳಬೇಕು. ನೆತ್ತಿಯ ಮೇಲಿನ ಬಿಸಿಲು ಒಂದು ಚದರ ಮೀಟರ್ ಜಾಗಕ್ಕೆ ಸುಮಾರು 1,000 ವ್ಯಾಟ್ ಶಕ್ತಿ ಸುರಿಯುತ್ತದೆ. ಅದರಲ್ಲಿ 220 ವ್ಯಾಟ್ ವಿದ್ಯುತ್ತಾದರೆ ಫಲಕದ ದಕ್ಷತೆ ಶೇ 22. ಇಂದು ಮಾರುಕಟ್ಟೆಯಲ್ಲಿ ಸಿಗುವ ಒಳ್ಳೆಯ ಸಿಲಿಕಾನ್ ಫಲಕ ಇರುವುದು ಹೆಚ್ಚುಕಡಿಮೆ ಅಲ್ಲೇ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯ ತೋರಿಸಿದ ಮೊದಲ ಸಿಲಿಕಾನ್ ಸೆಲ್‌ನ ದಕ್ಷತೆ ಸುಮಾರು ಶೇ 6 ಆಗಿತ್ತು. ಸಿಲಿಕಾನ್‌ಗೆ ಒಂದು ಮೇಲ್ಮಿತಿಯಿದೆ, ಸುಮಾರು ಶೇ 29.4. ಕಾರಣ ಸರಳ. ಕೆಂಪಿನಾಚೆಯ ದುರ್ಬಲ ಬೆಳಕಿನ ಒಂದು ಭಾಗ ಸಿಲಿಕಾನ್‌ನಲ್ಲಿ ಹೀರಿಕೆಯಾಗದೆ ಹಾದುಹೋಗುತ್ತದೆ. ನೀಲಿ ಬೆಳಕಿನ ಕಣಗಳಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ಶಕ್ತಿಯಿರುತ್ತದೆ, ಆ ಹೆಚ್ಚುವರಿ ಬಿಸಿಯಾಗಿ ವ್ಯರ್ಥವಾಗುತ್ತದೆ. ಎಷ್ಟೇ ಜಾಣ ಎಂಜಿನಿಯರ್ ಬಂದರೂ ಈ ಎರಡು ಸೋರಿಕೆಗಳನ್ನು ಒಂದೇ ಪದಾರ್ಥದಲ್ಲಿ ಮುಚ್ಚಲಾರ.

ಹಾಗಾಗಿ ಎರಡು ಪದಾರ್ಥ. ಸಿಲಿಕಾನ್ ಸೆಲ್‌ನ ಮೇಲೆ ಪೆರೊವ್‌ಸ್ಕೈಟ್ ಎಂಬ ಹರಳು ರಚನೆಯ ಅತಿ ತೆಳುವಾದ ಪದರ ಕೂರಿಸಿದರೆ ಅದು ನೀಲಿ, ಹಸಿರು ಬೆಳಕನ್ನು ಹೆಚ್ಚು ಲಾಭದಾಯಕವಾಗಿ ಹೀರಿಕೊಂಡು ಕೆಂಪನ್ನು ಕೆಳಗಿನ ಸಿಲಿಕಾನ್‌ಗೆ ಬಿಟ್ಟುಕೊಡುತ್ತದೆ. ಇದಕ್ಕೆ ಟ್ಯಾಂಡೆಮ್ ಸೆಲ್ ಎಂದು ಹೆಸರು. ಜಪಾನಿನ ತ್ಸುತೊಮು ಮಿಯಸಾಕ ಅವರ ತಂಡ 2009ರಲ್ಲಿ ಮೊದಲ ಪೆರೊವ್‌ಸ್ಕೈಟ್ ಸೆಲ್ ಪ್ರಕಟಿಸಿದಾಗ ಅದರ ದಕ್ಷತೆ ಶೇ 3.8 ಮಾತ್ರ. 2025ರ ಏಪ್ರಿಲ್‌ನಲ್ಲಿ ಚೀನಾದ ಲಾಂಗಿ ಕಂಪನಿ ಪ್ರಕಟಿಸಿದ ಟ್ಯಾಂಡೆಮ್ ಸೆಲ್‌ನ ದಕ್ಷತೆ ಶೇ 34.85. ಸೌರಕೋಶದ ಇತಿಹಾಸದಲ್ಲಿ ಇಷ್ಟು ವೇಗವಾಗಿ ಏರಿದ ಪದಾರ್ಥ ಬಹುಶಃ ಇನ್ನೊಂದಿಲ್ಲ.

ಈ ಅಂಕಿಯನ್ನು ನೋಡಿ ಹಿಗ್ಗುವ ಮೊದಲು ಅದರ ಪಕ್ಕದಲ್ಲಿ ಇನ್ನೂ ಕೆಲವನ್ನು ಇಟ್ಟು ನೋಡಬೇಕು. ಪ್ರಯೋಗಾಲಯದ ದಾಖಲೆಗಳು ಸಾಮಾನ್ಯವಾಗಿ ಒಂದು ಚದರ ಸೆಂಟಿಮೀಟರ್ ಅಳತೆಯ ಸೆಲ್‌ನವು. ಅದೇ ಲಾಂಗಿ ಸುಮಾರು 260 ಚದರ ಸೆಂಟಿಮೀಟರಿನ ದೊಡ್ಡ ಸೆಲ್ ಮಾಡಿದಾಗ ಸಿಕ್ಕಿದ್ದು ಶೇ 33. ಬ್ರಿಟನ್ನಿನ ಆಕ್ಸ್‌ಫರ್ಡ್ ಪಿವಿ 2024ರಲ್ಲಿ ಮನೆಯ ಅಳತೆಯ ಪೂರ್ತಿ ಫಲಕದಲ್ಲಿ ತೋರಿಸಿದ್ದು ಶೇ 26.9. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅದು ಜರ್ಮನಿಯ ಬ್ರಾಂಡೆನ್‌ಬರ್ಗ್ ಕಾರ್ಖಾನೆಯಿಂದ ಅಮೆರಿಕದ ಗಿರಾಕಿಗೆ ಕಳಿಸಿದ ಮೊದಲ ವಾಣಿಜ್ಯ ಫಲಕಗಳ ದಕ್ಷತೆ ಶೇ 24.5. ಆ ಹೊತ್ತಿಗೆ ತಂತಿಗಳನ್ನೆಲ್ಲ ಬೆನ್ನಿಗೆ ಸರಿಸಿದ ಬರೀ ಸಿಲಿಕಾನ್ ಫಲಕಗಳೇ ಶೇ 24 ದಾಟಿದ್ದವು. ಅಂದರೆ ಕೈಗೆ ಸಿಕ್ಕಿದ ಮೊದಲ ಟ್ಯಾಂಡೆಮ್ ಸರಕು ಹಳೆಯ ಸರಕಿನ ಅತ್ಯುತ್ತಮ ಮಾದರಿಗಿಂತ ಕೂದಲೆಳೆಯಷ್ಟು ಮುಂದಿತ್ತು. ದೊಡ್ಡ ಸೆಲ್‌ನ ಮೇಲೆ ಒಂದು ಮೈಕ್ರೋಮೀಟರಿನ ಆಸುಪಾಸಿನ ಪದರವನ್ನು ಎಲ್ಲೂ ಚುಕ್ಕೆ ಬೀಳದಂತೆ ಹರಡುವುದು ಅಷ್ಟು ಕಷ್ಟ.

ದಾಖಲೆ ಮುರಿದವರ ತಿಜೋರಿಯೂ ತುಂಬಿರಲಿಲ್ಲ. ಲಾಂಗಿ 2024ರಲ್ಲಿ ಸುಮಾರು 860 ಕೋಟಿ ಯುವಾನ್ ನಷ್ಟ ತೋರಿಸಿತು; ನಮ್ಮ ಲೆಕ್ಕದಲ್ಲಿ ಸುಮಾರು ಹತ್ತು ಸಾವಿರ ಕೋಟಿ ರೂಪಾಯಿ. ಕಾರಣ ತಂತ್ರಜ್ಞಾನದ ಸೋಲಲ್ಲ, ಚೀನಾದಲ್ಲಿ ಬೇಡಿಕೆಗಿಂತ ಎಷ್ಟೋ ಪಾಲು ಹೆಚ್ಚು ಕಾರ್ಖಾನೆಗಳು ಎದ್ದು ಫಲಕದ ಬೆಲೆ ನೆಲಕಚ್ಚಿದ್ದು. ಸ್ವಿಟ್ಜರ್ಲೆಂಡಿನ ಮೇಯರ್ ಬರ್ಗರ್ ಹೆಟೆರೋಜಂಕ್ಷನ್ ಎಂಬ ಬಗೆಯ ಉತ್ತಮ ಗುಣಮಟ್ಟದ ಸಿಲಿಕಾನ್ ಸೆಲ್‌ಗಳಿಗೆ ಹೆಸರಾಗಿತ್ತು. 2025ರ ಮೇ ಕೊನೆಯಲ್ಲಿ ಅದರ ಜರ್ಮನ್ ಘಟಕಗಳು ದಿವಾಳಿ ಅರ್ಜಿ ಹಾಕಿದವು. ಇನ್ನೂ ಹಿಂದಕ್ಕೆ ಹೋದರೆ 2011ರಲ್ಲಿ ಮುಳುಗಿದ ಕ್ಯಾಲಿಫೋರ್ನಿಯಾದ ಸೊಲಿಂಡ್ರಾ ಸಿಗುತ್ತದೆ. ಕೊಳವೆಯಾಕಾರದ ಹೊಸ ಬಗೆಯ ಸೆಲ್ ಮಾಡಿದ್ದ ಆ ಕಂಪನಿಗೆ ಅಮೆರಿಕ ಸರ್ಕಾರ 53.5 ಕೋಟಿ ಡಾಲರ್ ಸಾಲಕ್ಕೆ ಖಾತರಿ ನಿಂತಿತ್ತು. ಪಾಲಿಸಿಲಿಕಾನ್ ದುಬಾರಿಯಿದ್ದಾಗ ಅದರ ಲೆಕ್ಕ ಸರಿಯಾಗಿತ್ತು, ಅಗ್ಗವಾದ ಕೂಡಲೇ ಲೆಕ್ಕವೇ ತಲೆಕೆಳಗಾಯಿತು. ಫ್ಯಾಬ್ ಸಿಟಿಯ ಮೊದಲ ತಲೆಮಾರು ಸಿಕ್ಕಿಬಿದ್ದದ್ದೂ ಇದೇ ಬೆಲೆಯ ಸುಳಿಯಲ್ಲಿ.

ಹಾಗಾದರೆ ಹೆಚ್ಚು ದಕ್ಷತೆಗೆ ಯಾರು ಹೆಚ್ಚು ಹಣ ಕೊಡುತ್ತಾರೆ?

ಪಾವಗಡದ ಲೆಕ್ಕ ಹಾಕಿ ನೋಡೋಣ. ಆಂಧ್ರದ ಗಡಿಗೆ ಅಂಟಿಕೊಂಡ ಈ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ಹಬ್ಬಿದೆ. ಒಂದು ಮೆಗಾವ್ಯಾಟ್‌ಗೆ ಆರು ಎಕರೆ ಮೀರುತ್ತದೆ. ರೈತರಿಂದ ಜಮೀನು ಕೊಳ್ಳದೆ ಗುತ್ತಿಗೆಗೆ ಪಡೆದದ್ದು ಈ ಪಾರ್ಕಿನ ವಿಶೇಷ. ಆರಂಭದ ಬಾಡಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಆ ದರದಲ್ಲಿ ಒಂದು ಮೆಗಾವ್ಯಾಟ್‌ಗೆ ತಗಲುವ ನೆಲಬಾಡಿಗೆ ವರ್ಷಕ್ಕೆ ಒಂದೂಕಾಲು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಅಷ್ಟೇ ಗಾತ್ರದ ಘಟಕ ವರ್ಷಕ್ಕೆ 17 ಲಕ್ಷ ಯೂನಿಟ್ ಕೊಟ್ಟು ಯೂನಿಟ್ಟಿಗೆ 3 ರೂಪಾಯಿ ಸಿಕ್ಕಿತೆಂದರೂ ಆದಾಯ 50 ಲಕ್ಷ ದಾಟುತ್ತದೆ. ಫಲಕದ ದಕ್ಷತೆ ಶೇ 22ರಿಂದ 30ಕ್ಕೆ ಏರಿ ಕಾಲು ಭಾಗದಷ್ಟು ನೆಲ ಉಳಿದರೂ ಕಂಪನಿಗೆ ಬಾಡಿಗೆಯಲ್ಲಿ ಉಳಿಯುವುದು ಆದಾಯದ ಶೇ 1ಕ್ಕಿಂತ ಕಡಿಮೆ. ಕಂಬಿ, ಕೇಬಲ್, ಕೂಲಿ ಸೇರಿಸಿದರೆ ಉಳಿತಾಯ ಇನ್ನಷ್ಟು ಹೆಚ್ಚಾಗುತ್ತದೆ ನಿಜ. ಆದರೂ ಬಯಲುಸೀಮೆಯ ವಿಶಾಲ ನೆಲದಲ್ಲಿ ಖರೀದಿದಾರ ಮೊದಲು ನೋಡುವುದು ವ್ಯಾಟಿಗೆ ಎಷ್ಟು ರೂಪಾಯಿ ಎಂಬುದನ್ನೇ. (ನೆಲ ಕಡಿಮೆ ಸಾಕಾದರೆ ಬಾಡಿಗೆ ಪಡೆಯುವ ರೈತರೂ ಕಡಿಮೆಯಾಗುತ್ತಾರೆ. ಈ ಮಾತು ಸೋಲಾರ್ ಸಮ್ಮೇಳನಗಳಲ್ಲಿ ಕೇಳಿಬರುವುದಿಲ್ಲ, ಕೇಳಿಬರಬೇಕು.)

ಈಗ ಹೈದರಾಬಾದಿನ ಒಂದು ಅಪಾರ್ಟ್‌ಮೆಂಟಿಗೆ ಬರೋಣ. ಇಪ್ಪತ್ತು ಮನೆಗಳಿವೆ, ನೀರಿನ ಟ್ಯಾಂಕು, ಲಿಫ್ಟಿನ ಕೋಣೆ, ಬಟ್ಟೆ ಒಣಗಿಸುವ ಜಾಗ ಬಿಟ್ಟು ಟೆರೇಸಿನಲ್ಲಿ 1,500 ಚದರಡಿ ಉಳಿದಿದೆ ಎಂದುಕೊಳ್ಳೋಣ. ಸೋಲಾರ್ ಹಾಕುವವರ ರೂಢಿಯ ಲೆಕ್ಕ ಕಿಲೋವ್ಯಾಟಿಗೆ 100 ಚದರಡಿ. ಅಲ್ಲಿಗೆ 15 ಕಿಲೋವ್ಯಾಟ್, ಮನೆಯೊಂದಕ್ಕೆ ಮುಕ್ಕಾಲು ಕಿಲೋವ್ಯಾಟ್. ಶೇ 30ರ ಫಲಕ ಸಿಕ್ಕರೆ ಅದೇ ಟೆರೇಸಿನಲ್ಲಿ 20 ಕಿಲೋವ್ಯಾಟ್ ಹಿಡಿಯುತ್ತದೆ. ಕಬ್ಬಿಣದ ಚೌಕಟ್ಟು ಅಷ್ಟೇ, ಫಲಕ ಹೊತ್ತು ಮೇಲೇರಿಸುವ ಕೂಲಿಯೂ ಅಷ್ಟೇ. ಇಲ್ಲಿ ಜಾಗ ಹೆಚ್ಚಿಸುವ ದಾರಿಯೇ ಇಲ್ಲ, ಹಾಗಾಗಿ ದಕ್ಷತೆಗೆ ನಿಜವಾದ ಬೆಲೆ ಇದೆ. ಆಸ್ಪತ್ರೆ, ಮಾಲ್, ಔಷಧ ಕಾರ್ಖಾನೆ, ದತ್ತಾಂಶ ಕೇಂದ್ರಗಳ ಚಾವಣಿಯಲ್ಲೂ ಇದೇ ಸ್ಥಿತಿ. ಟ್ಯಾಂಡೆಮ್ ಸೆಲ್ ಭಾರತಕ್ಕೆ ಬಂದಾಗ ಮೊದಲು ಏರುವುದು ನಗರದ ಟೆರೇಸಿಗೆ, ಪಾವಗಡದಂಥ ಬಯಲಿಗೆ ಅದು ತಡವಾಗಿ ಬರುತ್ತದೆ ಎಂಬುದು ಈ ಲೇಖಕರ ಅಂದಾಜು.

ಟೆರೇಸಿಗೆ ಬರಲು ಇನ್ನೊಂದು ಅಡ್ಡಿಯೂ ಇದೆ. ಕರ್ನಾಟಕದಲ್ಲಿ 2023ರಿಂದ, ತೆಲಂಗಾಣದಲ್ಲಿ 2024ರಿಂದ, ಗೃಹಜ್ಯೋತಿ ಎಂಬ ಒಂದೇ ಹೆಸರಿನ ಯೋಜನೆಗಳು ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ಕೊಡುತ್ತಿವೆ. ಬಡ ಮತ್ತು ಕೆಳಮಧ್ಯಮ ಮನೆಗಳಿಗೆ ಅದು ದೊಡ್ಡ ಆಸರೆ. ಜತೆಗೆ ಬಿಲ್ಲೇ ಬಾರದ ಮನೆ ಸೋಲಾರ್ ಹಾಕಿಸಿಕೊಳ್ಳಲು ಕಾರಣವೂ ಉಳಿಯುವುದಿಲ್ಲ. 2024ರ ಫೆಬ್ರುವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನ ಕೊಡುತ್ತದೆ, ಒಂದು ಕೋಟಿ ಮನೆಗಳ ಗುರಿ ಇಟ್ಟುಕೊಂಡಿದೆ. ಅದರ ಸಹಾಯಧನಕ್ಕೆ ದೇಶದಲ್ಲೇ ಮಾಡಿದ ಸೆಲ್ ಕಡ್ಡಾಯ. ಹೀಗಾಗಿ ವಿದೇಶಿ ಟ್ಯಾಂಡೆಮ್ ಫಲಕ ಎಷ್ಟೇ ಚೆನ್ನಾಗಿದ್ದರೂ ಈ ಬಾಗಿಲಿನಿಂದ ಒಳಗೆ ಬರಲಾರದು. ಬರಬೇಕಾದರೆ ಇ-ಸಿಟಿಯಂಥ ಜಾಗದಲ್ಲಿ ಯಾರಾದರೂ ಅದನ್ನು ಮಾಡಬೇಕು.

ದಕ್ಷತೆಯ ಮಾತು ಬಂದಾಗ ನಮ್ಮ ಕಡೆ ಎಲ್ಲಕ್ಕಿಂತ ಹೆಚ್ಚು ಚರ್ಚೆಯಾಗಬೇಕಾದದ್ದು ಬಿಸಿ. ಫಲಕದ ಮೇಲೆ ಅಚ್ಚಾಗುವ ವ್ಯಾಟ್ ಸಂಖ್ಯೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದದ್ದು. ಏಪ್ರಿಲ್–ಮೇ ತಿಂಗಳಲ್ಲಿ ಹೈದರಾಬಾದ್, ರಾಯಚೂರು, ಕಲಬುರಗಿಗಳ ಗಾಳಿಯೇ 40 ಡಿಗ್ರಿ ದಾಟುತ್ತದೆ. ಬಿಸಿಲಿಗೆ ಒಡ್ಡಿದ ಫಲಕ 65ಕ್ಕೆ ಏರುವುದು ಅಪರೂಪವಲ್ಲ. ಪರ್ಕ್ ಸೆಲ್ ಪ್ರತಿ ಡಿಗ್ರಿಗೆ ಸುಮಾರು ಶೇ 0.35 ಶಕ್ತಿ ಕಳೆದುಕೊಳ್ಳುತ್ತದೆ. 40 ಡಿಗ್ರಿ ಏರಿಕೆಗೆ ನಷ್ಟ ಶೇ 14. ಟಾಪ್‌ಕಾನ್‌ನಲ್ಲಿ ಅದು ಶೇ 12ರ ಸುತ್ತ, ಹೆಟೆರೋಜಂಕ್ಷನ್‌ನಲ್ಲಿ ಶೇ 10ರ ಸುತ್ತ. 570 ವ್ಯಾಟ್ ಎಂದು ಬರೆದಿರುವ ಫಲಕ ಮೇ ತಿಂಗಳ ಮಧ್ಯಾಹ್ನ ಕ್ರಮವಾಗಿ 490, 502, 513 ವ್ಯಾಟ್ ಕೊಡುತ್ತದೆ. ಬೆಂಗಳೂರಿನಲ್ಲಿ ಅಷ್ಟಾಗಿ ಕಾಣದ ಈ ವ್ಯತ್ಯಾಸ ಕಲ್ಯಾಣ ಕರ್ನಾಟಕದಲ್ಲೂ ತೆಲಂಗಾಣದಲ್ಲೂ ಹಣವಾಗಿ ಕಾಣುತ್ತದೆ. ರಾಮಗುಂಡಂನಲ್ಲಿ ಎನ್‌ಟಿಪಿಸಿ ತನ್ನ ಜಲಾಶಯದ ಸುಮಾರು 500 ಎಕರೆ ನೀರಿನ ಮೇಲೆ ತೇಲಿಬಿಟ್ಟ 100 ಮೆಗಾವ್ಯಾಟ್ ಘಟಕ 2022ರ ಜುಲೈನಿಂದ ಪೂರ್ಣವಾಗಿ ದುಡಿಯುತ್ತಿದೆ. ನೆಲ ಉಳಿಯುವುದು, ನೀರು ಆವಿಯಾಗುವುದು ತಗ್ಗುವುದು ಅಲ್ಲಿನ ಲಾಭಗಳು. ಕೆಳಗಿನ ನೀರು ಫಲಕಗಳನ್ನು ತಂಪಾಗಿಡುವುದು ಮೂರನೆಯದು. ಹೊಸ ಸೆಲ್ ಇಲ್ಲದೆಯೂ ಉತ್ಪಾದನೆ ಹೆಚ್ಚಿಸುವ ದಾರಿಗಳಿವೆ ಎಂಬುದಕ್ಕೆ ಇದು ಸಾಕ್ಷಿ.

ಪೆರೊವ್‌ಸ್ಕೈಟ್‌ಗೆ ಬಿಸಿ ಇನ್ನೂ ಗಂಭೀರ ಪ್ರಶ್ನೆ. ತೇವ, ಶಾಖ, ನೇರಳಾತೀತ ಕಿರಣ ಮೂರೂ ಅದರ ಹರಳುಗಳನ್ನು ಒಡೆಯುತ್ತವೆ. ಸಿಲಿಕಾನ್ ಫಲಕ ಮಾರುವವರು 25ರಿಂದ 30 ವರ್ಷದ ಖಾತರಿ ಕೊಡುತ್ತಾರೆ, ಬ್ಯಾಂಕುಗಳು ಆ ಕಾಗದ ನೋಡಿ ಸಾಲ ಕೊಡುತ್ತವೆ. 2009ರಲ್ಲಷ್ಟೇ ಪ್ರಯೋಗಾಲಯದಲ್ಲಿ ಕಣ್ಣುಬಿಟ್ಟ ಪದಾರ್ಥಕ್ಕೆ 25 ವರ್ಷ ಬಿಸಿಲು ಕಂಡ ಸಾಕ್ಷ್ಯ ಎಲ್ಲಿಂದ ಬರಬೇಕು? ಅಂತರರಾಷ್ಟ್ರೀಯ ಪರೀಕ್ಷೆಯ ಕ್ರಮದಲ್ಲಿ ಫಲಕವನ್ನು 85 ಡಿಗ್ರಿ ಶಾಖ, ಶೇ 85 ತೇವಾಂಶದ ಪೆಟ್ಟಿಗೆಯಲ್ಲಿ 1,000 ಗಂಟೆ ಇಟ್ಟು ನೋಡುತ್ತಾರೆ. ಸಿಲಿಕಾನ್‌ನ ಸವೆತಕ್ಕೆಂದು ರೂಪಿಸಿದ ಪರೀಕ್ಷೆ ಅದು. ಪೆರೊವ್‌ಸ್ಕೈಟ್ ಹಗಲು ಬೆಳಕಿಗೆ ಹದಗೆಟ್ಟು ರಾತ್ರಿ ಒಂದಿಷ್ಟು ಚೇತರಿಸಿಕೊಳ್ಳುವ ವಿಚಿತ್ರ ಸ್ವಭಾವದ್ದು. ಅದನ್ನು ಹೊರಗಿನ ಬಿಸಿಲಿನಲ್ಲೇ ವರ್ಷಗಟ್ಟಲೆ ಇಟ್ಟು ನೋಡಬೇಕು.

ಮುಂಬೈ ಐಐಟಿಯ ರಾಷ್ಟ್ರೀಯ ದ್ಯುತಿವಿದ್ಯುಜ್ಜನಕ ಸಂಶೋಧನಾ ಕೇಂದ್ರ ಮತ್ತು ಗುರುಗ್ರಾಮದ ರಾಷ್ಟ್ರೀಯ ಸೌರಶಕ್ತಿ ಸಂಸ್ಥೆ ಕಳೆದ ದಶಕದಲ್ಲಿ ದೇಶ ಸುತ್ತಿ ಸಾವಿರಾರು ಫಲಕಗಳ ಆರೋಗ್ಯ ತಪಾಸಣೆ ಮಾಡಿದವು. ಬಿಸಿ ಪ್ರದೇಶಗಳಲ್ಲಿ, ಅದರಲ್ಲೂ ಗಾಳಿಯಾಡದ ಚಾವಣಿಗಳಲ್ಲಿ, ಫಲಕಗಳು ಬೇಗ ಸವೆಯುತ್ತವೆ ಎಂದು ಆ ಸಮೀಕ್ಷೆಗಳು ತೋರಿಸಿದವು. ಸಿಲಿಕಾನ್‌ನ ಪಾಡೇ ಹೀಗಿರುವಾಗ ಜರ್ಮನಿಯ ತಂಪು ಆಕಾಶದಡಿ ಪಾಸಾದ ಪೆರೊವ್‌ಸ್ಕೈಟ್ ಫಲಕಕ್ಕೆ ನಮ್ಮ ಬ್ಯಾಂಕು ಕಣ್ಣುಮುಚ್ಚಿ ಸಾಲ ಕೊಡುವುದಿಲ್ಲ, ಕೊಡಲೂಬಾರದು.

ಈ ವಿಷಯದಲ್ಲಿ ಹೈದರಾಬಾದಿಗೆ ಒಂದು ಅನುಕೂಲವಿದೆ. ಇ-ಸಿಟಿಯಿಂದ ದೂರವೇನೂ ಅಲ್ಲದ ಬಾಲಾಪುರದಲ್ಲಿ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಎಆರ್‌ಸಿಐ ಸಂಶೋಧನಾ ಕೇಂದ್ರ ಇದೆ. ಅಲ್ಲಿನ ಸೌರ ಪದಾರ್ಥಗಳ ವಿಭಾಗ ಚಿನ್ನದ ವಿದ್ಯುದ್ವಾರದ ಬದಲು ಅಗ್ಗದ ಇಂಗಾಲ ಬಳಸಿ ಪೆರೊವ್‌ಸ್ಕೈಟ್ ಸೆಲ್ ಮಾಡಿದೆ. ಇಂಗಾಲದ ಪದರ ತೇವವನ್ನು ತಡೆಯುವುದರಿಂದ ಸೆಲ್‌ನ ಆಯಸ್ಸೂ ಹೆಚ್ಚುತ್ತದೆ. ದಕ್ಷತೆಯಲ್ಲಿ ಅದು ಜಗತ್ತಿನ ದಾಖಲೆಯ ಹತ್ತಿರವೂ ಇಲ್ಲ. ಆದರೆ ಬಿಸಿ ದೇಶದ ಸಂಶೋಧಕರು ಆಯುಷ್ಯದ ಹಿಂದೆ ಬೀಳುವುದೇ ಸರಿಯಾದ ಆಯ್ಕೆ. ಅದೇ ಕೇಂದ್ರ ಫಲಕದ ಗಾಜಿಗೆ ಧೂಳು ಅಂಟದಂತೆ, ಸುಲಭವಾಗಿ ತೊಳೆದುಹೋಗುವಂತೆ ಮಾಡುವ ಲೇಪನವನ್ನೂ ಅಭಿವೃದ್ಧಿಪಡಿಸಿ ಉದ್ಯಮಕ್ಕೆ ಕೊಟ್ಟಿದೆ. ತಾರ್ನಾಕದ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯಲ್ಲಿ ಬಣ್ಣದ ಅಣುಗಳಿಂದ ಬೆಳಕು ಹೀರುವ ಸೆಲ್‌ಗಳ ಬಗ್ಗೆ ಬಹುಕಾಲದಿಂದ ಕೆಲಸ ನಡೆದಿದೆ. ರೆನ್ಯೂಸಿಸ್ ಎಂಬ ಕಂಪನಿ ಸೆಲ್‌ಗಳನ್ನು ಗಾಳಿ–ನೀರಿನಿಂದ ಕಾಪಾಡುವ ಹಾಳೆಗಳನ್ನು ಬೆಂಗಳೂರಿನಲ್ಲಿ ಮಾಡಿ, ಹೈದರಾಬಾದಿನ ಕಾರ್ಖಾನೆಯಲ್ಲಿ ಫಲಕ ತಯಾರಿಸುತ್ತದೆ. ಪೆರೊವ್‌ಸ್ಕೈಟ್‌ನ ಬದುಕು ನಿಂತಿರುವುದೇ ಅಂಥ ಹೊದಿಕೆಯ ಗುಣದ ಮೇಲೆ. ಹೀಗೆ ಹೊದಿಕೆಯೊಂದನ್ನು ಬಿಟ್ಟರೆ ಪದಾರ್ಥ, ಸೆಲ್, ಬಿಸಿಲು ಎಲ್ಲವೂ ಒಂದೇ ಊರಿನ ಸುತ್ತಳತೆಯಲ್ಲಿವೆ. ಅವುಗಳ ನಡುವೆ ಓಡಾಟ ಎಷ್ಟಿದೆ ಎಂಬುದರ ಮೇಲೆ ಮುಂದಿನದು ನಿಂತಿದೆ.

ದೇಶದಲ್ಲಿ ಟ್ಯಾಂಡೆಮ್‌ಗೆ ಅತಿ ಹತ್ತಿರ ಬಂದಿರುವವರು ಮುಂಬೈ ಐಐಟಿಯವರು. ದಿನೇಶ್ ಕಬ್ರಾ ಅವರ ತಂಡ 2025ರ ಆರಂಭದಲ್ಲಿ ಶೇ 29.8 ದಕ್ಷತೆಯ ಟ್ಯಾಂಡೆಮ್ ಸೆಲ್ ತೋರಿಸಿತು. ಅದಕ್ಕೆ ಬೆನ್ನೆಲುಬಾದ ನವೋದ್ಯಮ ಎಆರ್‌ಟಿ-ಪಿವಿ ಇಂಡಿಯಾಕ್ಕೆ ನವೀಕರಿಸಬಹುದಾದ ಇಂಧನ ಸಚಿವಾಲಯ ಸುಮಾರು ಒಂದು ಕೋಟಿ ಡಾಲರ್ ನೆರವು ಕೊಟ್ಟಿದೆ. ಕಬ್ರಾ ಅವರ ತಂಡದ ವಿನ್ಯಾಸದಲ್ಲಿ ಪೆರೊವ್‌ಸ್ಕೈಟ್ ಮತ್ತು ಸಿಲಿಕಾನ್‌ಗಳಿಗೆ ಪ್ರತ್ಯೇಕ ತಂತಿಗಳಿವೆ. ಮೇಲಿನ ಸೆಲ್ ಸೊರಗಿದರೂ ಕೆಳಗಿನದು ತನ್ನ ಪಾಡಿಗೆ ದುಡಿಯಬಲ್ಲದು. ಬಿಸಿ ನಾಡಿಗೆ ಇದು ವಿವೇಕದ ವಿನ್ಯಾಸ.

ಇಲ್ಲಿಯೇ ಟಾಪ್‌ಕಾನ್ ಕಾರ್ಖಾನೆಗಳ ಭವಿಷ್ಯವೂ ಅಡಗಿದೆ. ಟ್ಯಾಂಡೆಮ್ ಬಂದರೆ ಈಗಿನ ಸಿಲಿಕಾನ್ ಸಾಲು ವ್ಯರ್ಥವಾಗಬೇಕಿಲ್ಲ, ಕೆಳಗಿನ ಸೆಲ್ ಆಗಿ ಅದೇ ಇರುತ್ತದೆ. ಅದರ ಮೇಲೆ ಪದರ ಹರಡುವ ಯಂತ್ರಗಳನ್ನು ಸೇರಿಸಬೇಕು. 2013ರ ಸುಮಾರಿಗೆ ಟಾಪ್‌ಕಾನ್ ರೂಪಿಸಿದ್ದು ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆ. ಬೆಂಗಳೂರಿನ ಎಮ್ವೀ ತನ್ನ ಟಾಪ್‌ಕಾನ್ ಸಾಲಿಗೆ ಅದೇ ಸಂಸ್ಥೆಯ ನೆರವು ಪಡೆಯಿತು. ಸೋಲಾರ್ ವಾಟರ್ ಹೀಟರ್‌ನಿಂದ ಬೆಳೆದು ಬಂದ ಎಮ್ವೀ 2025ರ ನವೆಂಬರ್‌ನಲ್ಲಿ ಷೇರುಪೇಟೆಗೆ ಬಂದಾಗ ಅದರ ಷೇರು ನೀಡಿಕೆ ಬೆಲೆಯಾದ 217ರ ಆಸುಪಾಸಿನಲ್ಲೇ ತೆರೆಯಿತು. ಒಂದು ವರ್ಷದ ಹಿಂದೆ ಪ್ರೀಮಿಯರ್‌ಗೆ ಸಿಕ್ಕ ಇಮ್ಮಡಿ ಸ್ವಾಗತ ಸಿಗಲಿಲ್ಲ. ಅಷ್ಟರಲ್ಲಿ ದೇಶದ ಅನುಮೋದಿತ ಫಲಕ ತಯಾರಿಕೆಯ ಸಾಮರ್ಥ್ಯ 100 ಗಿಗಾವ್ಯಾಟ್ ದಾಟಿತ್ತು, ಅಮೆರಿಕದ ಸುಂಕ ಏರಿತ್ತು, ಹೂಡಿಕೆದಾರರು ಹುಷಾರಾಗಿದ್ದರು.

ಸೆಲ್‌ಗಳ ವಿಷಯದಲ್ಲಿ ಸರ್ಕಾರ ಇನ್ನೊಂದು ಗೋಡೆ ಕಟ್ಟಿದೆ. ಸರ್ಕಾರಿ ನೆರವಿನ ಮತ್ತು ಗ್ರಿಡ್‌ಗೆ ಜೋಡಿಸುವ ಯೋಜನೆಗಳು ಅನುಮೋದಿತ ಪಟ್ಟಿಯ ದೇಶೀ ಸೆಲ್ ಬಳಸಬೇಕೆಂಬ ನಿಯಮಕ್ಕೆ 2026ರ ಜೂನ್ 1 ಗೊತ್ತಾದ ದಿನ. ಈ ಗೋಡೆಯೊಳಗೆ ಹೈದರಾಬಾದ್, ಬೆಂಗಳೂರಿನ ಸೆಲ್ ತಯಾರಕರಿಗೆ ಕೆಲವು ವರ್ಷ ಒಳ್ಳೆಯ ಲಾಭ ಸಿಗಬಹುದು. ಆ ಲಾಭ ಎಲ್ಲಿಗೆ ಹೋಗುತ್ತದೆ ಎಂಬುದು ಮುಖ್ಯ. ಅದೇ ಯಂತ್ರದ ಇನ್ನೊಂದು ಸಾಲು ತರಿಸಿದರೆ ಸಾಮರ್ಥ್ಯ ಹೆಚ್ಚುತ್ತದೆ, ಆದರೆ 2012ರ ಕಥೆ ಮರುಕಳಿಸುವ ಭಯ ಹಾಗೇ ಉಳಿಯುತ್ತದೆ. ಇಂದಿಗೂ ವೇಫರ್ ಎಂಬ ತೆಳು ಸಿಲಿಕಾನ್ ಬಿಲ್ಲೆಗಳು ಬಹುಪಾಲು ಚೀನಾದಿಂದ ಬರುತ್ತವೆ, ಸೆಲ್ ಸಾಲಿನ ಯಂತ್ರಗಳೂ ಅಲ್ಲಿಯವೇ, ಅವುಗಳನ್ನು ಕೂರಿಸಲು ಬರುವ ತಂತ್ರಜ್ಞರ ವೀಸಾಕ್ಕಾಗಿ ನಮ್ಮ ಕಂಪನಿಗಳು ದೆಹಲಿಯಲ್ಲಿ ಮನವಿ ಮಾಡಿಕೊಂಡದ್ದೂ ಉಂಟು. ಲಾಭದ ಒಂದು ಪಾಲು ಬಾಲಾಪುರದ ಪ್ರಯೋಗಾಲಯಕ್ಕೆ, ಪದರ ಹರಡುವ ದೇಶೀ ಯಂತ್ರಕ್ಕೆ, ರಾಮಗುಂಡಂ, ರಾಯಚೂರಿನಂಥ ಸುಡುಬಿಸಿಲಿನ ಪರೀಕ್ಷಾ ಅಂಗಳಕ್ಕೆ ಹೋದರೆ ಟ್ಯಾಂಡೆಮ್‌ನ ಹೊತ್ತಿಗೆ ನಾವು ಬರೀ ಗಿರಾಕಿಗಳಾಗಿ ಉಳಿಯುವುದಿಲ್ಲ. ಪರ್ಕ್ ಸೆಲ್‌ನ ಮೂಲ ಕೆಲಸ 1980ರ ದಶಕದಲ್ಲಿ ಆಸ್ಟ್ರೇಲಿಯಾದ ಮಾರ್ಟಿನ್ ಗ್ರೀನ್ ಅವರ ತಂಡದಲ್ಲಿ ನಡೆಯಿತು, ಹಣ ಬಂದದ್ದು ಕಾಲು ಶತಮಾನದ ನಂತರ ಚೀನಾದ ಕಾರ್ಖಾನೆಗಳಿಗೆ. ಟಾಪ್‌ಕಾನ್‌ಗೆ ಆ ಅಂತರ ಹತ್ತು ವರ್ಷಕ್ಕೆ ಇಳಿಯಿತು. ಪೆರೊವ್‌ಸ್ಕೈಟ್‌ನಲ್ಲಿ ಚೀನಾದ ಕಂಪನಿಗಳು 2025ರಲ್ಲೇ ಗಿಗಾವ್ಯಾಟ್ ಗಾತ್ರದ ಕಾರ್ಖಾನೆಗಳನ್ನು ತೆರೆದಿವೆ. ಕಾಯುತ್ತಾ ಕೂರುವ ಸಮಯ ಇದಲ್ಲ.

ಖರೀದಿಯಲ್ಲೂ ಸರ್ಕಾರಗಳಿಗೆ ಒಂದು ಪಾತ್ರವಿದೆ. ತೆಲಂಗಾಣ 2025ರ ಜನವರಿಯಲ್ಲಿ ಪ್ರಕಟಿಸಿದ ಶುದ್ಧ ಇಂಧನ ನೀತಿ 2030ರ ಹೊತ್ತಿಗೆ 20,000 ಮೆಗಾವ್ಯಾಟ್ ಸೇರಿಸುವ ಮಾತಾಡುತ್ತದೆ. ಅದರಲ್ಲಿ ಹತ್ತಿಪ್ಪತ್ತು ಮೆಗಾವ್ಯಾಟ್ ಸರ್ಕಾರಿ ಚಾವಣಿಗಳಲ್ಲಿ ಹೊಸ ಸೆಲ್‌ಗಳಿಗೆ ಮೀಸಲಿಟ್ಟು, ಅವು ಪ್ರತಿ ತಿಂಗಳು ಎಷ್ಟು ಯೂನಿಟ್ ಕೊಟ್ಟವೆಂದು ಸಾರ್ವಜನಿಕವಾಗಿ ಪ್ರಕಟಿಸಿದರೆ ಸಾಕು, ಬ್ಯಾಂಕುಗಳಿಗೆ ಬೇಕಾದ ಸಾಕ್ಷ್ಯ ನಮ್ಮ ಬಿಸಿಲಿನಲ್ಲೇ ಸಿದ್ಧವಾಗುತ್ತದೆ. ಕರ್ನಾಟಕವೂ ಕಲಬುರಗಿ, ಬಳ್ಳಾರಿಗಳಲ್ಲಿ ಇದನ್ನೇ ಮಾಡಬಹುದು.

ಆ ಮೊದಲ ಟೆಂಡರಿನಲ್ಲಿ ಇನ್ನೊಂದು ಷರತ್ತು ಇರಬೇಕು. ಈಗಿನ ಉತ್ತಮ ಪೆರೊವ್‌ಸ್ಕೈಟ್ ಸೆಲ್‌ಗಳಲ್ಲಿ ಸೀಸ ಇದೆ. ಚದರ ಮೀಟರಿಗೆ ಒಂದು ಗ್ರಾಂ ಆಸುಪಾಸು, ಅಷ್ಟೇ. ಆದರೆ ಅದು ನೀರಿನಲ್ಲಿ ಕರಗಬಲ್ಲ ರೂಪದಲ್ಲಿರುತ್ತದೆ. ಆಲಿಕಲ್ಲಿಗೆ ಗಾಜು ಒಡೆದರೆ ಟೆರೇಸಿನ ಮಳೆನೀರು ಎಲ್ಲಿಗೆ ಹೋಗುತ್ತದೆ, ಇಂಗುಗುಂಡಿಗೋ ಸಂಪಿಗೋ ಎಂಬುದನ್ನು ಮೊದಲೇ ಯೋಚಿಸಬೇಕು. 2022ರ ಇ-ತ್ಯಾಜ್ಯ ನಿಯಮಗಳು ಸೌರ ಫಲಕಗಳನ್ನು ತಮ್ಮ ವ್ಯಾಪ್ತಿಗೆ ತಂದುಕೊಂಡು, 2034–35ರವರೆಗೆ ಬರುವ ಹಳೆಯ ಫಲಕಗಳನ್ನು ತಯಾರಕರು ಸಂಗ್ರಹಿಸಿ ಇಟ್ಟುಕೊಳ್ಳಬೇಕೆಂದು ಹೇಳಿವೆ. ಹೊಸ ಸೆಲ್‌ಗಳ ಮಟ್ಟಿಗೆ ಇಟ್ಟುಕೊಂಡರೆ ಸಾಲದು. ಒಡೆದ ಫಲಕವನ್ನು ಎಷ್ಟು ದಿನದೊಳಗೆ, ಯಾರು, ಯಾವ ಖರ್ಚಿನಲ್ಲಿ ಚಾವಣಿಯಿಂದ ಇಳಿಸಿ ಒಯ್ಯುತ್ತಾರೆ, ಸೀಸವನ್ನು ಎಲ್ಲಿ ಬೇರ್ಪಡಿಸುತ್ತಾರೆ ಎಂಬುದು ಮಾರಾಟದ ಒಪ್ಪಂದದಲ್ಲೇ ಬರೆದಿರಬೇಕು. ಅದರ ವೆಚ್ಚವನ್ನೂ ಸೇರಿಸಿಕೊಂಡ ಮೇಲೆ ವ್ಯಾಟಿಗೆ ಎಷ್ಟು ರೂಪಾಯಿ ಬೀಳುತ್ತದೆ ಎಂಬ ಲೆಕ್ಕವನ್ನು ತಯಾರಕರು ಈಗಲೇ ಗಿರಾಕಿಗಳ ಮುಂದಿಡಬೇಕು.